ವಿ8 ಇಂಜಿನ್ ಹಾಕಿರುವ 1971ರ ಎಂಜಿಬಿ ರೋಡ್‌ಸ್ಟರ್: ಮೊದಲು ಯಾವುದಕ್ಕೆ ಕೈ ಹಾಕಲಿ?

ಗಾಳಿಸವಾರ

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳ ಆಸೆ ಈಗ ಈಡೇರಿದೆ, ಒಂದು 1971ರ ಎಂಜಿಬಿ ರೋಡ್‌ಸ್ಟರ್, ಅಂದರೆ ಗಟ್ಟಿ ಛಾವಣಿ ಇಲ್ಲದ ಬ್ರಿಟಿಷ್ ಸ್ಪೋರ್ಟ್ಸ್ ಕಾರು, ನನ್ನ ಕೈಗೆ ಬಂದಿದೆ. ಕ್ರೋಮ್ ಬಂಪರ್ ಇರುವ ಗಾಡಿ. ಆದರೆ ಒಳಗಿರುವುದು ಅದರ ಹುಟ್ಟು ಇಂಜಿನ್ ಅಲ್ಲ. ಹಿಂದಿನ ಮಾಲೀಕರು 1798 ಸಿಸಿಯ ನಾಲ್ಕು ಸಿಲಿಂಡರ್ ಇಂಜಿನ್ ಇಳಿಸಿ ರೋವರ್‌ನ 3.5 ಲೀಟರ್ ವಿ8 (ಎಂಟು ಸಿಲಿಂಡರ್ ಇಂಜಿನ್) ಕೂರಿಸಿದ್ದಾರೆ. ಗೇರ್‌ಬಾಕ್ಸ್ ರೋವರ್ ಎಸ್‌ಡಿ1ರಿಂದ ಬಂದ ಐದು ಗೇರಿನ ಎಲ್‌ಟಿ77. ಹಿಂದಿನ ಹೌಸಿಂಗ್ (ಹಿಂಚಕ್ರಗಳ ಆಕ್ಸಲ್) ಮಾತ್ರ ಎಂಜಿಬಿಯದೇ, ಡಿಫರೆನ್ಷಿಯಲ್ ಅನುಪಾತ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ತಿರುಗಬೇಕಾದ ಸುತ್ತು, 3.909. ಮೇಲೆ ಒಂದೇ ನಾಲ್ಕು ಬ್ಯಾರೆಲ್ ಕಾರ್ಬುರೇಟರ್. ಬ್ರೇಕ್ ಪೂರ್ತಿ ಹಳೆಯದೇ.

ಸ್ಟಾರ್ಟ್ ಮಾಡಿದ ಕೂಡಲೇ ಬರುವ ಆ ಗುಡುಗುಡು ಸದ್ದಿಗೆ ಮನಸ್ಸು ಸೋತಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗಾಡಿಯಲ್ಲಿ ಕೆಲಸ ಜಾಸ್ತಿ ಇದೆ. ಸಿಗ್ನಲ್‌ನಲ್ಲಿ ನಿಂತರೆ ಹೀಟ್ ಮುಳ್ಳು ಏರುತ್ತಲೇ ಹೋಗುತ್ತದೆ, ಓಡಿಸಿದರೆ ಇಳಿಯುತ್ತದೆ. ಗಂಟೆಗೆ 90 ಕಿಮೀ ದಾಟಿದರೆ ನೆಲದ ಅಡಿಯಿಂದ ಒಂದು ನಡುಕ ಬರುತ್ತದೆ. ಫಸ್ಟ್ ಗೇರ್ ಹಾಕಿ ಗಾಡಿ ಅಲುಗುವಷ್ಟರಲ್ಲಿ ಸೆಕೆಂಡ್‌ಗೆ ಹಾಕಬೇಕು. ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಆಯಿಲ್ ಗೇಜ್ 10 ಪಿಎಸ್‌ಐ ಹತ್ತಿರ ಬೀಳುತ್ತದೆ. ರೇಡಿಯೇಟರ್ ಫ್ಯಾನ್ ತಿರುಗಲು ಶುರುವಾದರೆ ಹೆಡ್‌ಲೈಟ್ ಮಂಕಾಗುತ್ತದೆ.

ನನ್ನ ಯೋಚನೆ ಹೀಗಿದೆ: ಮೊದಲು ಫ್ಯೂಯಲ್ ಇಂಜೆಕ್ಷನ್, ಆಮೇಲೆ ಸಾಧ್ಯವಾದರೆ 3.9 ಅಥವಾ 4.6 ಲೀಟರ್ ಇಂಜಿನ್, ಆಮೇಲೆ ದೊಡ್ಡ ಬ್ರೇಕ್, ಕೊನೆಗೆ ಬಣ್ಣ. ಈ ಕ್ರಮ ಸರಿ ಇದೆಯಾ? ಈ ಗಾಡಿಗಳ ಮೇಲೆ ಕೈ ಆಡಿಸಿದವರು ದಯವಿಟ್ಟು ಹೇಳಿ.

ಹಳೇಲೋಹ

ಮೊದಲು ಅಭಿನಂದನೆ. ಒಳ್ಳೆಯ ಗಾಡಿ, ಒಳ್ಳೆಯ ಇಂಜಿನ್. ಆದರೆ ಕ್ರಮ ಪೂರ್ತಿ ತಲೆಕೆಳಗಾಗಿದೆ ಸರ್, ಇದನ್ನು ನೇರವಾಗಿಯೇ ಹೇಳುತ್ತೇನೆ.

ನೀವು ಬರೆದದ್ದರಲ್ಲಿ ಬಾಡಿ ಬಗ್ಗೆ ಒಂದು ಸಾಲೂ ಇಲ್ಲ. ಎಂಜಿಬಿಗೆ ಪ್ರತ್ಯೇಕ ಚಾಸಿ ಇಲ್ಲ, 1962ರಿಂದ 1980ರ ತನಕ ಬಂದ ಎಲ್ಲವೂ ಮಾನೋಕಾಕ್, ಅಂದರೆ ತಗಡಿನ ಬಾಡಿಯೇ ಚಾಸಿ. ಮೇಲೆ ಛಾವಣಿ ಇಲ್ಲದ ರೋಡ್‌ಸ್ಟರ್‌ನಲ್ಲಿ ಗಾಡಿಯ ಮುಂಭಾಗವನ್ನೂ ಹಿಂಭಾಗವನ್ನೂ ಬಿಗಿಯಾಗಿ ಹಿಡಿದಿರುವುದು ಮುಖ್ಯವಾಗಿ ಎರಡು ಕಡೆಯ ಸಿಲ್ ಮತ್ತು ನಡುವಿನ ಟನಲ್ (ಗೇರ್‌ಬಾಕ್ಸ್, ಶಾಫ್ಟ್ ಹಾಯುವ ನೆಲದ ಉಬ್ಬು). ಸಿಲ್ ಅಂದರೆ ಬಾಗಿಲ ಕೆಳಗೆ ಉದ್ದಕ್ಕೆ ಹೋಗುವ ಪೆಟ್ಟಿಗೆಯಂಥ ಭಾಗ. ಅದರೊಳಗೆ ಹೊರ ಸಿಲ್, ಒಳ ಸಿಲ್, ಇವೆರಡರ ನಡುವೆ ನಿಂತಿರುವ ಒಂದು ತಗಡು, ಹೀಗೆ ಪದರ ಪದರವಾಗಿ ಇರುತ್ತದೆ. ತುಕ್ಕು ಒಳಗಿನಿಂದ ಶುರುವಾಗುತ್ತದೆ. ಹೊರಗಿನಿಂದ ನೋಡಿದರೆ ಪಳಪಳ, ಒಳಗೆ ಏನೂ ಉಳಿದಿರುವುದಿಲ್ಲ.

ಕಂಪನಿಯೇ ವಿ8 ಹಾಕಿ ಎಂಜಿಬಿ ಮಾರಿತ್ತು ಅಂತ ನಿಮಗೆ ಗೊತ್ತಿರಬಹುದು. ಕೆನ್ ಕಾಸ್ಟೆಲ್ಲೊ ಅನ್ನುವವರು ಖಾಸಗಿಯಾಗಿ ಈ ಪರಿವರ್ತನೆ ಮಾಡಿ ಮಾರಲು ಶುರು ಮಾಡಿದ ಮೇಲೆ, 1973ರಲ್ಲಿ ಕಂಪನಿ ತನ್ನದೇ ಎಂಜಿಬಿ ಜಿಟಿ ವಿ8 ತಂದಿತು. 1976ರ ತನಕ 2,591 ಗಾಡಿ ಬಂದವು. ಆಗ ಮಾರಿದ್ದು ಜಿಟಿ ಮಾತ್ರ, ಅಂದರೆ ಗಟ್ಟಿ ಛಾವಣಿ ಇರುವ ಕೂಪೆ. ವಿ8 ರೋಡ್‌ಸ್ಟರ್ ಶೋರೂಮಿಗೆ ಬರಲು 1990ರ ದಶಕದ ಆರ್‌ವಿ8 ತನಕ ಕಾಯಬೇಕಾಯಿತು. ನಿಮ್ಮದು ಅದೇ ಟಾರ್ಕ್ ಇರುವ, ಆದರೆ ಛಾವಣಿ ಇಲ್ಲದ ಗಾಡಿ. ಮೂಲ ಇಂಜಿನ್ ಸುಮಾರು 149 ನ್ಯೂಟನ್ ಮೀಟರ್ ಕೊಡುತ್ತಿತ್ತು, ಜಿಟಿ ವಿ8 ಸುಮಾರು 262. ಆ ತಿರುಚುವ ಬಲವೆಲ್ಲ ಹೋಗಿ ನಿಲ್ಲುವುದು ಬಾಡಿಯ ಮೇಲೆಯೇ. ಇದರ ಮೇಲೆ 4.6 ಬೇರೆ ಅಂತೀರಿ.

ಹಾಗಾಗಿ ಮೊದಲು ಒಂದು ಪರೀಕ್ಷೆ ಮಾಡಿ. ಗಾಡಿ ಸಮತಟ್ಟಾದ ನೆಲದಲ್ಲಿ ನಿಂತಿರಲಿ, ಟಾಪ್ ಇಳಿಸಿರಲಿ. ಬಾಗಿಲು ಮುಚ್ಚಿ, ಹಿಂದಿನ ಅಂಚಿನ ಸಂದನ್ನು ಮೇಲೆ ಒಂದು ಕಡೆ, ಕೆಳಗೆ ಒಂದು ಕಡೆ ಅಳೆದು ಬರೆದುಕೊಳ್ಳಿ. ಈಗ ಸಿಲ್ ಕೆಳಗಿನ ಜಾಕ್ ಕೊಡುವ ಜಾಗದಲ್ಲಿ ಜಾಕ್ ಇಟ್ಟು ಆ ಬದಿಯ ಚಕ್ರಗಳ ಭಾರ ಇಳಿಯುವ ತನಕ ಎತ್ತಿ. ಎತ್ತುವಾಗ ಕರಕರ ಸದ್ದು ಬಂದರೆ ಅಲ್ಲೇ ನಿಲ್ಲಿಸಿ. ಬರದಿದ್ದರೆ ಮತ್ತೆ ಸಂದು ಅಳೆಯಿರಿ, ಬಾಗಿಲು ತೆಗೆದು ಮುಚ್ಚಿ ನೋಡಿ. ಸಂದು ಬದಲಾಗಬಾರದು, ಬಾಗಿಲು ಹಿಡಿಯಬಾರದು. ಗಾಡಿ ಜಾಕ್ ಮೇಲಿದ್ದಾಗ ಅಡಿಗೆ ತಲೆ ಹಾಕಬೇಡಿ, ಆಮೇಲೆ ಸ್ಟ್ಯಾಂಡ್ ಕೊಟ್ಟು ಅಡಿಯಿಂದ ನೋಡಿ.

ಅಡಿಗೆ ಹೋದಾಗ ನೋಡಬೇಕಾದ್ದು: ಹೊರ ಸಿಲ್ ಮುಂದಿನ ವಿಂಗ್‌ನ, ಅಂದರೆ ಚಕ್ರದ ಮೇಲಿನ ಹೊರ ತಗಡಿನ, ಕೆಳತುದಿಯ ಹಿಂದೆಯೂ ಮುಂದುವರಿಯುತ್ತದಾ, ಅಥವಾ ಅಂಚಿಗೆ ತಂದು ಅಂಟಿಸಿ ನಿಲ್ಲಿಸಿದ್ದಾರಾ? ಮೂಲದಲ್ಲಿ ಅದು ಒಳಗೆ ಮುಂದುವರಿಯುತ್ತದೆ. ಸರಿಯಾಗಿ ಬದಲಿಸಬೇಕಾದರೆ ವಿಂಗ್‌ನ ಕೆಳಭಾಗ ಕತ್ತರಿಸಲೇಬೇಕು. ಆ ಕಷ್ಟ ತಪ್ಪಿಸಲು ಹಳೆಯ ಕೊಳೆತ ಸಿಲ್ ಮೇಲೆಯೇ ಹೊಸ ತಗಡು ಹೊದಿಸಿ ಬಣ್ಣ ಬಳಿದ ಗಾಡಿಗಳು ಬಹಳ ಇವೆ. ಹಾಗೇ ಸೀಟಿನ ಹಿಂದಿನ ಬ್ಯಾಟರಿ ಪೆಟ್ಟಿಗೆ, ಹಿಂದಿನ ಸ್ಪ್ರಿಂಗ್ ಹಿಡಿಯುವ ಜಾಗ, ಮುಂದೆ ಇಂಜಿನ್ ಮೌಂಟ್ ಸುತ್ತಲಿನ ತಗಡು, ಇಲ್ಲೆಲ್ಲ ವೈರ್ ಬ್ರಶ್ ಹಾಕಿ ಉಜ್ಜಿ ನೋಡಿ. ಮೌಂಟ್ ಮೂಲೆಯಲ್ಲಿ ಕೂದಲೆಳೆಯಷ್ಟು ಸೀಳು ಇದ್ದರೂ ಬಣ್ಣದ ಕೆಳಗೆ ಕಾಣುವುದಿಲ್ಲ.

ನೀರುಗೊಳವೆ

ಹೀಟಿಂಗ್ ಬಗ್ಗೆ ನಾನು ಹೇಳುತ್ತೇನೆ. ನಿಂತಾಗ ಏರುತ್ತದೆ, ಓಡಿದಾಗ ಇಳಿಯುತ್ತದೆ ಅಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಓಡುವಾಗ ಇಳಿಯುತ್ತದೆ ಅಂದರೆ ರೇಡಿಯೇಟರ್ ಮತ್ತು ನೀರಿನ ಪಂಪ್ ಕೆಲಸ ಮಾಡುತ್ತಿವೆ. ಕೊರತೆ ಇರುವುದು ಗಾಳಿಯದು. ಇದರ ತದ್ವಿರುದ್ಧ, ಅಂದರೆ ನಿಂತಾಗ ಸರಿ ಇದ್ದು ಹೈವೇಯಲ್ಲಿ ಏರುತ್ತಿದ್ದರೆ, ಆಗ ರೇಡಿಯೇಟರ್ ಒಳಗೆ ಕಟ್ಟಿಕೊಂಡಿರುವುದು, ಪೆಟ್ರೋಲ್ ಮಿಶ್ರಣ ತೆಳುವಾಗಿರುವುದು, ಇಗ್ನಿಷನ್ ಟೈಮಿಂಗ್ ತಪ್ಪಿರುವುದು ಇವನ್ನು ಹುಡುಕಬೇಕಿತ್ತು.

ಈಗ ಬಾನೆಟ್ ತೆಗೆದು ರೇಡಿಯೇಟರ್ ಸುತ್ತ ನೋಡಿ. ಎರಡು ಬದಿ ಮತ್ತು ಮೇಲೆ ಕೈ ತೂರುವಷ್ಟು ಜಾಗ ಬಿಟ್ಟಿದ್ದಾರಾ? ಹಾಗಿದ್ದರೆ ಫ್ಯಾನ್ ಎಳೆಯುವ ಗಾಳಿ ರೇಡಿಯೇಟರ್ ಮೂಲಕ ಬರುವ ಬದಲು ಆ ಸಂದಿನಿಂದ ಇಂಜಿನ್ ಕಡೆಯ ಬಿಸಿ ಗಾಳಿಯೇ ಸುತ್ತಿ ಸುತ್ತಿ ಬರುತ್ತದೆ. ತಗಡು ಅಥವಾ ದಪ್ಪ ಫೋಮ್ ಇಟ್ಟು ಆ ಸಂದುಗಳನ್ನು ಪೂರ್ತಿ ಮುಚ್ಚಿ. ಕಡಿಮೆ ಕೆಲಸ, ಫಲ ಮಾತ್ರ ದೊಡ್ಡದು. ಆಮೇಲೆ ಎಲೆಕ್ಟ್ರಿಕ್ ಫ್ಯಾನ್ ಸರಿಯಾದ ದಿಕ್ಕಿನಲ್ಲಿ ತಿರುಗುತ್ತಿದೆಯಾ ನೋಡಿ. ಒಂದು ಕಾಗದ ಗ್ರಿಲ್ ಮುಂದೆ ಹಿಡಿದರೆ ಒಳಗೆ ಎಳೆಯಬೇಕು. ನಗಬೇಡಿ, ವೈರ್ ಅದಲುಬದಲಾಗಿ ಉಲ್ಟಾ ತಿರುಗುವ ಫ್ಯಾನ್ ತುಂಬಾ ಕಡೆ ಸಿಗುತ್ತದೆ.

ಇನ್ನೊಂದು ಸಂಗತಿ, ಈ ಇಂಜಿನ್ ಎಂಜಿಬಿಯ ಬಾನೆಟ್ ಕೆಳಗೆ ತುಂಬಿಕೊಂಡು ಕೂರುತ್ತದೆ. ಎರಡು ಕಡೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಇಂಜಿನ್ ಹೊಗೆ ಹೊರಗೆ ಒಯ್ಯುವ ಪೈಪ್‌ಗಳು), ಬಿಸಿ ಗಾಳಿ ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಆರ್‌ವಿ8ರಲ್ಲಿ ಎಕ್ಸಾಸ್ಟ್ ಪೈಪ್‌ಗಳನ್ನು ಒಳ ವಿಂಗ್ ತೂತು ಮಾಡಿ ಚಕ್ರದ ಕಡೆಗೆ ತಂದಿದ್ದರು. ಹಳೆಯ ಪರಿವರ್ತನೆಗಳಿಗೂ ಈಗ ಅದೇ ಥರದ ಮ್ಯಾನಿಫೋಲ್ಡ್ ಹಾಕುತ್ತಾರೆ. ಬಾನೆಟ್ ಒಳಗಿನ ಬಿಸಿ ಚೆನ್ನಾಗಿ ಇಳಿಯುತ್ತದೆ, ಸ್ಟೀರಿಂಗ್ ಶಾಫ್ಟ್‌ಗೂ ಜಾಗ ಸಿಗುತ್ತದೆ. ನಿಮ್ಮದು ಒಳಗೇ ಇಳಿಯುವ ಥರದ್ದಾದರೆ ಸ್ಟೀರಿಂಗ್ ಶಾಫ್ಟ್‌ನ ಕ್ರಾಸ್ (ಕೋನದಲ್ಲೂ ತಿರುಗುವ ಕೀಲು) ಮತ್ತು ಸೆಲ್ಫ್ ಮೋಟರ್ ಹತ್ತಿರ ಪೈಪ್ ಎಷ್ಟು ದೂರ ಇದೆ ಅಂತ ನೋಡಿ. ಬಿಸಿಯಾದ ಮೇಲೆ ಸೆಲ್ಫ್ ತಿರುಗದೆ ಮೊಂಡು ಹಿಡಿಯುವುದಕ್ಕೆ ಅದೇ ಕಾರಣ.

ಇದೆಲ್ಲಕ್ಕೂ ಮೊದಲು ಹೆಡ್ ಗ್ಯಾಸ್ಕೆಟ್ ಸೋರುತ್ತಿಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ರೇಡಿಯೇಟರ್ ಬಾಯಿಗೆ ಇಡುವ ನೀಲಿ ದ್ರವದ ಟೆಸ್ಟರ್ ಸಿಗುತ್ತದೆ, ನೀರಿನಲ್ಲಿ ಸಿಲಿಂಡರ್ ಗ್ಯಾಸ್ ಇದ್ದರೆ ಅದು ಹಳದಿಗೆ ತಿರುಗುತ್ತದೆ. ಹಳೆಯ ರೋವರ್ ವಿ8ರಲ್ಲಿ ಒಂದೊಂದು ಹೆಡ್‌ಗೆ 14 ಬೋಲ್ಟ್. ಹೊರಗಿನ ಸಾಲಿನ ನಾಲ್ಕನ್ನು ಒಳಗಿನವುಗಳಷ್ಟೇ ಬಿಗಿದರೆ ಹೆಡ್ ಹೊರಗಡೆಗೆ ವಾಲಿ ಒಳಬದಿಯಲ್ಲಿ ಗ್ಯಾಸ್ಕೆಟ್ ಸಡಿಲವಾಗುತ್ತದೆ. ಮುಂದೆ ರೋವರ್ ಕಂಪನಿಯೇ ಆ ಸಾಲನ್ನು ಕೈಬಿಟ್ಟು ಹೆಡ್‌ಗೆ 10 ಬೋಲ್ಟ್ ಮಾಡಿತು.

ಮೂಲನಿಷ್ಠ

ನನ್ನ ಅಭಿಪ್ರಾಯ ಬೇರೆ. ವಿ8 ಇಳಿಸಿ ಮೂಲದ ನಾಲ್ಕು ಸಿಲಿಂಡರ್ ಬಿ ಸೀರೀಸ್ ಇಂಜಿನ್ ಹಾಕಿಬಿಡಿ. ಆ ಗಾಡಿಯನ್ನು 95 ಅಶ್ವಶಕ್ತಿಗೆ ಅಂತಲೇ ಮಾಡಿದ್ದು. ಐದು ಮೇನ್ ಬೇರಿಂಗ್ ಇರುವ ಆ ಇಂಜಿನ್ ಕಲ್ಲಿನಂತೆ ಗಟ್ಟಿ, ಎಲ್ಲ ಭಾಗ ಇಂದಿಗೂ ಹೊಸದಾಗಿ ಸಿಗುತ್ತವೆ. ಬಾಡಿಗೂ ಹಿತ, ಬ್ರೇಕಿಗೂ ಹಿತ. ಎರಡು ಎಸ್‌ಯು ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಮಾಡಿದ ಎಂಜಿಬಿ ಓಡಿಸುವ ಖುಷಿಯೇ ಬೇರೆ. ಮುಂದಿನ ಭಾರ ಕೂಡ ಕಡಿಮೆಯಾಗುತ್ತದೆ.

ಹಳೇಲೋಹ

ಭಾರದ ಮಾತು ಒಪ್ಪಲಾಗುವುದಿಲ್ಲ ಸರ್. ಬಿ ಸೀರೀಸ್ ಪೂರ್ತಿ ಎರಕದ ಕಬ್ಬಿಣ. ರೋವರ್ ವಿ8ರ ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, 1961ರಲ್ಲಿ ಬಂದ ಅಮೆರಿಕದ ಬ್ಯೂಕ್ 215 ಇಂಜಿನ್‌ನ ಹಕ್ಕು ಕೊಂಡು ರೋವರ್ ಮಾಡಿಕೊಂಡದ್ದು. ತೂಕ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಈ ಗಾಡಿಗೆ ಈ ಇಂಜಿನ್ ಇಷ್ಟು ಚೆನ್ನಾಗಿ ಹೊಂದಿಕೊಳ್ಳುವುದೇ ಆ ಕಾರಣಕ್ಕೆ. ಎಂಜಿಬಿಯ ಸೋದರ ಗಾಡಿ ಎಂಜಿಸಿಗೆ ಹಾಕಿದ ಕಬ್ಬಿಣದ ಆರು ಸಿಲಿಂಡರ್ ಇಂಜಿನ್ ಮೂತಿ ಭಾರ ಮಾಡಿತ್ತು, ಅದು ಬೇರೆ ಕಥೆ.

ಮೂಲಕ್ಕೆ ಮರಳಿಸುವ ಆಸೆ ತಪ್ಪಲ್ಲ. ಗಾಡಿ ಯಾರೂ ಮುಟ್ಟದೆ ಹಾಗೇ ಉಳಿದಿದ್ದರೆ ನಾನೂ ನಿಮ್ಮ ಜೊತೆ ನಿಲ್ಲುತ್ತಿದ್ದೆ. ಆದರೆ ಇಲ್ಲಿ ಪರಿವರ್ತನೆ ಆಗಿ ಹೋಗಿದೆ, ಕ್ರೋಮ್ ಬಂಪರ್ ಗಾಡಿಯಾದ್ದರಿಂದ ಮ್ಯಾನಿಫೋಲ್ಡ್‌ಗೆ ಜಾಗ ಮಾಡಲು ಒಳ ವಿಂಗ್ ಬಡಿದಿರುತ್ತಾರೆ, ಟನಲ್ ಅಗಲಿಸಿರುತ್ತಾರೆ. ಈಗಿರುವ ವಿ8ನ್ನೇ ಕಂಪನಿ ಮಾಡಿದಷ್ಟು ಅಚ್ಚುಕಟ್ಟಾಗಿ ಮುಗಿಸುವುದು ಕೂಡ ಈ ಗಾಡಿಗೆ ಸಲ್ಲಿಸುವ ಗೌರವವೇ.

ಗಾಳಿಸವಾರ

ಎಲ್ಲರಿಗೂ ಥ್ಯಾಂಕ್ಸ್. ಹೇಳಿದ ಹಾಗೆ ನೋಡಿದೆ.

ಬಲಗಡೆ ಜಾಕ್ ಕೊಟ್ಟಾಗ ಸಂದು ಹೆಚ್ಚುಕಡಿಮೆ ಬದಲಾಗಲಿಲ್ಲ. ಎಡಗಡೆ ಮಾತ್ರ ಬಾಗಿಲ ಹಿಂದಿನ ಅಂಚಿನ ಮೇಲಿನ ಸಂದು 4 ಮಿಮೀ ಇದ್ದದ್ದು 7ಕ್ಕೆ ಹೋಯಿತು, ಬಾಗಿಲು ತೆಗೆದರೆ ಮತ್ತೆ ಸಲೀಸಾಗಿ ಮುಚ್ಚಲಿಲ್ಲ. ಅಡಿಗೆ ಹೋಗಿ ನೋಡಿದರೆ ಎಡ ಸಿಲ್ ವಿಂಗ್ ಅಂಚಿಗೇ ಬಂದು ನಿಂತಿದೆ, ಒಳಗೆ ಮುಂದುವರಿದಿಲ್ಲ. ಕೆಳಗಿನ ಅಂಚಿನಲ್ಲಿ ಸ್ಕ್ರೂಡ್ರೈವರ್ ಒತ್ತಿದರೆ ಒಂದು ತಗಡು ಗಟ್ಟಿ ಇದೆ, ಅದರ ಹಿಂದಿನದು ಪುಡಿಪುಡಿಯಾಗಿ ಉದುರಿತು. ಅಂದರೆ ನೀವು ಹೇಳಿದ ಹೊದಿಕೆ ಸಿಲ್ ಅದೇ.

ಟೆಸ್ಟರ್ ದ್ರವ ನೀಲಿಯಾಗಿಯೇ ಉಳಿಯಿತು, ಸಮಾಧಾನ. ರೇಡಿಯೇಟರ್ ಎರಡೂ ಬದಿ ಅಂಗೈ ತೂರುವಷ್ಟು ಸಂದು ಇತ್ತು, ಸದ್ಯಕ್ಕೆ ಫೋಮ್ ತುಂಬಿದ್ದೇನೆ, ಮುಳ್ಳು ಈಗ ಏರಿ ಒಂದು ಕಡೆ ನಿಲ್ಲುತ್ತದೆ, ಮೊದಲಿನ ಹಾಗೆ ಹೋಗುತ್ತಲೇ ಇರುವುದಿಲ್ಲ. ನಡುಕ ಮತ್ತು ಗೇರ್ ವಿಷಯ ಯಾರಾದರೂ ಹೇಳುತ್ತೀರಾ? ಆಯಿಲ್ ಪ್ರೆಶರ್ ಕೂಡ ತಲೆ ತಿನ್ನುತ್ತಿದೆ.

ಶಾಫ್ಟ್‌ಗುರು

ನಡುಕ ಎಲ್ಲಿಂದ ಅಂತ ಮೊದಲು ಬೇರ್ಪಡಿಸಿ. ಆ ವೇಗದಲ್ಲಿ ಹೋಗುವಾಗ ಐದನೇ ಗೇರ್‌ನಿಂದ ನಾಲ್ಕಕ್ಕೆ ತನ್ನಿ, ಗಾಡಿಯ ವೇಗ ಅಷ್ಟೇ ಇರಲಿ. ಇಂಜಿನ್ ಆರ್‌ಪಿಎಂ ಏರಿದರೂ ನಡುಕ ಹಾಗೇ ಇದ್ದರೆ ಅದು ಇಂಜಿನ್‌ನದ್ದಲ್ಲ, ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್‌ನಿಂದ ಡಿಫರೆನ್ಷಿಯಲ್‌ಗೆ ಹೋಗುವ ದಂಡ) ಅಥವಾ ಚಕ್ರದ್ದು. ಚಕ್ರದ್ದಾದರೆ ಸ್ಟೀರಿಂಗ್‌ನಲ್ಲಿ ನಿಧಾನವಾದ ಅಲುಗಾಟ. ಶಾಫ್ಟ್‌ನದ್ದಾದರೆ ಸೀಟು ಮತ್ತು ನೆಲದಲ್ಲಿ ಝುಂಯ್ ಅನ್ನುವ ವೇಗದ ನಡುಕ, ಯಾಕಂದರೆ 3.909 ಅನುಪಾತದಲ್ಲಿ ಶಾಫ್ಟ್ ಚಕ್ರಕ್ಕಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ತಿರುಗುತ್ತಿರುತ್ತದೆ. ನೀವು ಬರೆದದ್ದು ನೋಡಿದರೆ ಶಾಫ್ಟ್ ಮೇಲೆಯೇ ನನಗೆ ಅನುಮಾನ.

ಶಾಫ್ಟ್‌ನ ಎರಡು ತುದಿಯಲ್ಲಿ ಕ್ರಾಸ್ ಇರುತ್ತದಲ್ಲ, ಕೋನದಲ್ಲಿ ತಿರುಗುವಾಗ ಕ್ರಾಸ್ ಒಂದೇ ವೇಗ ಕೊಡುವುದಿಲ್ಲ, ಪ್ರತಿ ಸುತ್ತಿಗೆ ಎರಡು ಸಲ ವೇಗ ಹೆಚ್ಚಾಗಿ ಎರಡು ಸಲ ಕಡಿಮೆಯಾಗುತ್ತದೆ. ಮುಂದಿನ ಕ್ರಾಸ್ ಮಾಡಿದ ಏರುಪೇರನ್ನು ಹಿಂದಿನದು ರದ್ದು ಮಾಡಬೇಕು. ಅದಕ್ಕೆ ಎರಡು ಕಡೆಯ ಕೋನ ಸಮ ಇರಬೇಕು, ಗೇರ್‌ಬಾಕ್ಸ್ ಹಿಂದಿನ ಫ್ಲ್ಯಾಂಜ್ ಮತ್ತು ಡಿಫರೆನ್ಷಿಯಲ್ ಫ್ಲ್ಯಾಂಜ್ ಒಂದಕ್ಕೊಂದು ಸಮಾನಾಂತರ ಇರಬೇಕು. ಎಲ್‌ಟಿ77 ಎಂಜಿಬಿ ಟನಲ್‌ನಲ್ಲಿ ಬಿಗಿಯಾಗಿ ಕೂರುತ್ತದೆ. ಎಲ್ಲೋ ತಾಗುತ್ತದೆ ಅಂತ ಬಾಲ ಸ್ವಲ್ಪ ಇಳಿಸಿ ಕ್ರಾಸ್‌ಮೆಂಬರ್ ಮಾಡಿಬಿಟ್ಟರೆ ಕೋನ ತಪ್ಪುತ್ತದೆ.

ಅಳೆಯುವಾಗ ಗಾಡಿ ಚಕ್ರದ ಮೇಲೆ ನಿಂತಿರಬೇಕು, ಹೌಸಿಂಗ್ ನೇತಾಡುತ್ತಿದ್ದರೆ ಅಳತೆಗೆ ಅರ್ಥವಿಲ್ಲ. ಸಣ್ಣ ಡಿಜಿಟಲ್ ಕೋನಮಾಪಕ ಗೇರ್‌ಬಾಕ್ಸ್ ಫ್ಲ್ಯಾಂಜ್‌ಗೆ ಹಚ್ಚಿ ಓದಿ, ಡಿಫರೆನ್ಷಿಯಲ್ ಫ್ಲ್ಯಾಂಜ್‌ಗೆ ಹಚ್ಚಿ ಓದಿ. ಎರಡರ ವ್ಯತ್ಯಾಸ ಅರ್ಧ ಡಿಗ್ರಿ ಒಳಗೆ ಬರಲಿ. ಶಾಫ್ಟ್ ಜೊತೆ ಪ್ರತಿ ಕ್ರಾಸ್ ಮಾಡುವ ಕೋನ ಒಂದರಿಂದ ಮೂರು ಡಿಗ್ರಿ ಇದ್ದರೆ ಚೆನ್ನ. ಪೂರ್ತಿ ಸೊನ್ನೆ ಕೂಡ ಬೇಡ, ಕ್ರಾಸ್ ಒಳಗಿನ ಸೂಜಿ ಬೇರಿಂಗ್ ಅಲುಗದೆ ಒಂದೇ ಜಾಗದಲ್ಲಿ ತಗ್ಗು ಬೀಳುತ್ತದೆ. ತಪ್ಪಿದ್ದರೆ ಗೇರ್‌ಬಾಕ್ಸ್ ಮೌಂಟ್ ಕೆಳಗೆ ಶಿಮ್ (ಎತ್ತರ ಹೊಂದಿಸುವ ತೆಳು ತುಂಡು), ಇಲ್ಲವೇ ಲೀಫ್ ಸ್ಪ್ರಿಂಗ್ ಮತ್ತು ಹೌಸಿಂಗ್ ನಡುವೆ ಆಪಿನಾಕಾರದ ಶಿಮ್. ಶಾಫ್ಟ್ ಉದ್ದ ಕಡಿಮೆ ಮಾಡಲು ಕತ್ತರಿಸಿ ಬೆಸೆದಿದ್ದರೆ ಎರಡು ತುದಿಯ ಯೋಕ್ ಒಂದೇ ಸಾಲಿನಲ್ಲಿವೆಯಾ ನೋಡಿ, ಆಮೇಲೆ ಬ್ಯಾಲೆನ್ಸ್ ಮಾಡಿಸಿ.

ಗೇರ್ ಲೆಕ್ಕ ಹೀಗೆ. ಎಲ್‌ಟಿ77ರ ಫಸ್ಟ್ ಅನುಪಾತ 3.32. ಅದಕ್ಕೆ 3.909 ಗುಣಿಸಿದರೆ 13ರ ಹತ್ತಿರ, ಇಷ್ಟು ಟಾರ್ಕ್ ಇರುವ ಇಂಜಿನ್‌ಗೆ ಅದು ಬೇಡವೇ ಬೇಡ. ಐದನೇ ಗೇರ್ ಸುಮಾರು 0.79, ಹಾಗಾಗಿ ಗಂಟೆಗೆ 100 ಕಿಮೀಯಲ್ಲಿ 2,700 ಆರ್‌ಪಿಎಂ ಆಸುಪಾಸು. ಕಂಪನಿ ಜಿಟಿ ವಿ8ಗೆ 3.07 ಹಾಕಿತ್ತು, ಅದರ ನೇರ ನಾಲ್ಕನೇ ಗೇರ್‌ನಲ್ಲೇ ಇಷ್ಟು ಆರ್‌ಪಿಎಂ ಬರುತ್ತಿತ್ತು. ನಿಮಗೂ 3.07 ಹಾಕಿದರೆ ಫಸ್ಟ್ ಗೇರ್ ಬಳಕೆಗೆ ಬರುತ್ತದೆ, ಐದರಲ್ಲಿ 100ಕ್ಕೆ 2,100 ಚಿಲ್ಲರೆ. ಈ ಇಂಜಿನ್ ಅದನ್ನು ಆರಾಮವಾಗಿ ಎಳೆಯುತ್ತದೆ. ಶಾಫ್ಟ್ ಕೂಡ ನಿಧಾನವಾಗಿ ತಿರುಗುವುದರಿಂದ ನಡುಕ ಇನ್ನೂ ಹೆಚ್ಚಿನ ವೇಗಕ್ಕೆ ಸರಿದು ಹೋದಂತೆ ಕಾಣುತ್ತದೆ. ಅದಕ್ಕೇ ಹೇಳುವುದು, ಕೋನ ಮೊದಲು ಸರಿ ಮಾಡಿ, ಆಮೇಲೆ ಅನುಪಾತ ಬದಲಿಸಿ. ಸ್ಪೀಡೋಮೀಟರ್ ಮತ್ತೆ ಹೊಂದಿಸಬೇಕಾಗುತ್ತದೆ ಅನ್ನುವುದೂ ನೆನಪಿರಲಿ.

ತಾಮ್ರತಂತಿ

ಫ್ಯಾನ್ ತಿರುಗಿದರೆ ಹೆಡ್‌ಲೈಟ್ ಮಂಕು ಅಂದಿರಿ. ಇದನ್ನು ಸಣ್ಣದು ಅಂದುಕೊಳ್ಳಬೇಡಿ, ಹಳೆಯ ಗಾಡಿ ಬೆಂಕಿಗೆ ಹೋಗುವುದು ಹೀಗೆಯೇ. ಆ ಕಾಲದ ವೈರಿಂಗ್‌ನಲ್ಲಿ ಹೆಡ್‌ಲೈಟ್ ಕರೆಂಟು ಪೂರ್ತಿ ಸ್ವಿಚ್ ಮೂಲಕವೇ ಹೋಗುತ್ತದೆ, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟು ಹರಿಸುವ ಸ್ವಿಚ್) ಇಲ್ಲ. ಅದಕ್ಕೇ ಫ್ಯಾನ್‌ನ ವೈರನ್ನೂ ಎಲ್ಲೋ ಕಚ್ಚಿಸಿರುತ್ತಾರೆ.

ಬ್ರಿಟಿಷ್ ವೈರಿಂಗ್‌ನ ಒಂದು ಒಳ್ಳೆಯ ಗುಣ ಅಂದರೆ ಬಣ್ಣಕ್ಕೆ ಅರ್ಥವಿದೆ. ಕಂದು ಬ್ಯಾಟರಿಯಿಂದ ನೇರ, ಸದಾ ಜೀವಂತ, ಫ್ಯೂಸ್ ಇಲ್ಲ. ನೇರಳೆ ಸದಾ ಜೀವಂತ ಆದರೆ ಫ್ಯೂಸ್ ಆದಮೇಲಿನದು. ಬಿಳಿ ಕೀಲಿ ತಿರುಗಿಸಿದಾಗ ಬರುವುದು, ಹಸಿರು ಅದೇ ಫ್ಯೂಸ್ ದಾಟಿದ ಮೇಲೆ. ಕಪ್ಪು ಅರ್ಥ್. ನೀಲಿ ಹೆಡ್‌ಲೈಟ್, ಅದರಲ್ಲಿ ಬಿಳಿ ಗೆರೆ ಇದ್ದರೆ ಹೈ ಬೀಮ್, ಕೆಂಪು ಗೆರೆ ಇದ್ದರೆ ಲೋ. ಈಗ ನಿಮ್ಮ ಬಾನೆಟ್ ಕೆಳಗೆ ಈ ಲೆಕ್ಕಕ್ಕೆ ಸಿಗದ ಬಣ್ಣದ ಪ್ರತಿ ವೈರ್ ಯಾರೋ ಆಮೇಲೆ ಸೇರಿಸಿದ್ದು. ಅವನ್ನು ಒಂದೊಂದಾಗಿ ಹಿಡಿದು ಎಲ್ಲಿಂದ ಎಲ್ಲಿಗೆ ಅಂತ ಕಾಗದದ ಮೇಲೆ ಬರೆಯಿರಿ. ಕಂದು ವೈರಿಗೆ ಫ್ಯೂಸ್ ಇಲ್ಲದೆ ಏನಾದರೂ ಕಚ್ಚಿಸಿದ್ದರೆ ಅವತ್ತೇ ತೆಗೆಯಿರಿ.

ಫ್ಯಾನ್‌ಗೆ ಬೇರೆ ರಿಲೇ, ಬೇರೆ ಫ್ಯೂಸ್, ದಪ್ಪ ವೈರ್. ಹೆಡ್‌ಲೈಟ್ ಹೈ ಮತ್ತು ಲೋಗೆ ಒಂದೊಂದು ರಿಲೇ. ಇಂಜಿನ್‌ನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ ಹೊಸದು ಹಾಕಿ, ಇಂಜಿನ್ ಬದಲಿಸಿದ ಗಾಡಿಗಳಲ್ಲಿ ಅದನ್ನೇ ಮರೆತಿರುತ್ತಾರೆ, ಆಗ ಸೆಲ್ಫ್ ಹೊಡೆದ ಕರೆಂಟೆಲ್ಲ ಆಕ್ಸಿಲರೇಟರ್ ಕೇಬಲ್ ಮೂಲಕ ವಾಪಸ್ ಹೋಗುತ್ತದೆ. ಇಂಜೆಕ್ಷನ್ ಕನಸು ಇದ್ದರೆ ಈ ಕೆಲಸ ಮುಗಿಯದೆ ಅದರ ಹೆಸರೇ ಎತ್ತಬೇಡಿ. ವೋಲ್ಟೇಜ್ ಕುಣಿಯುವ ಗಾಡಿಯಲ್ಲಿ ಇಸಿಯು (ಇಂಜೆಕ್ಷನ್ ನಡೆಸುವ ಕಂಪ್ಯೂಟರ್) ಒಂದು ದಿನವೂ ನೆಟ್ಟಗೆ ಓಡುವುದಿಲ್ಲ.

ಕ್ಯಾಮ್‌ಶಾಫ್ಟ್

ಆಯಿಲ್ ಪ್ರೆಶರ್: ಗಾಬರಿ ಬೇಡ, ಆದರೆ ನಿರ್ಲಕ್ಷ್ಯವೂ ಬೇಡ. ಈ ಇಂಜಿನ್ ಹೆಚ್ಚು ಒತ್ತಡದಲ್ಲಿ ಓಡುವಂಥದ್ದಲ್ಲ. ಬಿಸಿಯಾದ ಮೇಲೆ 2,400 ಆರ್‌ಪಿಎಂನಲ್ಲಿ 30ರಿಂದ 40 ಪಿಎಸ್‌ಐ ಬಂದರೆ ಸರಿ ಇದೆ ಅಂತಲೇ ಅರ್ಥ. ಮೊದಲು ಒಂದು ಮೆಕ್ಯಾನಿಕಲ್ ಗೇಜ್ ಕಟ್ಟಿ ನೋಡಿ, ಹಳೆಯ ಗೇಜ್ ನಂಬಿ ಇಂಜಿನ್ ಬಿಚ್ಚಬೇಡಿ. ನಿಜವಾಗಿಯೂ ಕಡಿಮೆ ಇದ್ದರೆ ಸಂಪ್ (ಇಂಜಿನ್ ಕೆಳಗಿನ ಆಯಿಲ್ ತಟ್ಟೆ) ಇಳಿಸಿ ಸ್ಟ್ರೇನರ್ (ಆಯಿಲ್ ಸೋಸುವ ಜಾಲರಿ) ನೋಡಿ. ಹಳೆಯ ರೋವರ್ ವಿ8ರ ಕ್ಯಾಮ್ ಚಕ್ರದ ಹಲ್ಲಿಗೆ ನೈಲಾನ್ ಹೊದಿಕೆ ಇತ್ತು, ವಯಸ್ಸಾದಂತೆ ಅದು ಒಡೆದು ಚೂರುಗಳು ಬಂದು ಸ್ಟ್ರೇನರ್‌ಗೆ ಅಂಟಿಕೊಳ್ಳುತ್ತವೆ. ಸ್ಟ್ರೇನರ್‌ನಲ್ಲಿ ಬಿಳಿ ಅಥವಾ ಕಂದು ಚೂರು ಕಂಡರೆ ಚೈನು, ಚಕ್ರ ಎರಡೂ ಬದಲಿಸಬೇಕು, ಹೊಸ ಚಕ್ರ ಉಕ್ಕಿನದಿರಲಿ.

ಅದೇ ಹೊತ್ತಿಗೆ ಕ್ಯಾಮ್‌ಶಾಫ್ಟ್ ಮತ್ತು ಟ್ಯಾಪೆಟ್ ಸವೆತ ನೋಡಿ. ರೋವರ್ ವಿ8 ಕ್ಯಾಮ್ ತಿನ್ನುವುದಕ್ಕೆ ಹೆಸರುವಾಸಿ. ಪಿಕಪ್ ಸ್ವಲ್ಪ ಸ್ವಲ್ಪವಾಗಿಯೇ ಹೋಗುವುದರಿಂದ ಓಡಿಸುವವರಿಗೆ ಗೊತ್ತೇ ಆಗುವುದಿಲ್ಲ. ಸತು ಮತ್ತು ರಂಜಕದ ಅಂಶ ಸಾಕಷ್ಟಿರುವ 20 ಡಬ್ಲ್ಯು 50 ಆಯಿಲ್ ಹಾಕಿ, ಇವತ್ತಿನ ಕಾರುಗಳ ತೆಳು ಆಯಿಲ್ ಬೇಡ.

3.9 ಮತ್ತು 4.6 ಬಗ್ಗೆ: 3.5ರ ಬೋರ್ (ಸಿಲಿಂಡರ್ ವ್ಯಾಸ) 88.9 ಮಿಮೀ, 3.9 ಮತ್ತು ಆಮೇಲಿನವುಗಳದ್ದು 94 ಮಿಮೀ. ಬ್ಲಾಕ್ ಹೊರಗಿನ ಅಳತೆ ಅದೇ, ಹಾಗಾಗಿ ಲೈನರ್ (ಸಿಲಿಂಡರ್ ಒಳಗೆ ಕೂರಿಸುವ ಕೊಳವೆ) ಹಿಂದಿನ ಅಲ್ಯೂಮಿನಿಯಂ ತೆಳುವಾಯಿತು. ಅಲ್ಲಿ ಸೀಳು ಬಿಟ್ಟು ನೀರು ಸೋರುವುದು, ಲೈನರ್ ಜಾರುವುದು ಆ ದೊಡ್ಡ ಇಂಜಿನ್‌ಗಳ ಹಳೆಯ ರೋಗ. ಒತ್ತಡ ಹಾಕಿ ಪರೀಕ್ಷಿಸಿದ ಬ್ಲಾಕ್, ಮೇಲಂಚಿರುವ ಹೊಸ ಲೈನರ್ ಹಾಕಿಸಿದ್ದಾದರೆ ಮಾತ್ರ ಒಪ್ಪಬಹುದು. ನಿಮ್ಮ ಕೈಲಿರುವ 3.5 ಗಟ್ಟಿ ಬ್ಲಾಕ್. ಅದನ್ನು ಬಿಟ್ಟುಕೊಡಬೇಡಿ.

ಇಂಜೆಕ್ಷನ್ ನನಗೂ ಇಷ್ಟ. ತಣ್ಣಗಿನ ಸ್ಟಾರ್ಟ್, ಮೈಲೇಜ್, ಎಲ್ಲ ಚೆನ್ನಾಗಿರುತ್ತದೆ. ಆದರೆ ಕಾರ್ಬುರೇಟರ್‌ಗೆ 5 ಪಿಎಸ್‌ಐ ಆಸುಪಾಸು ಸಾಕು, ರೋವರ್ ಇಂಜೆಕ್ಷನ್‌ಗೆ ಸುಮಾರು 36 ಬೇಕು. ಅಂದರೆ ಹೊಸ ಪಂಪ್, ಒತ್ತಡ ತಡೆಯುವ ಹೋಸ್, ಟ್ಯಾಂಕಿಗೆ ವಾಪಸ್ ಲೈನ್, ತಿರುವಿನಲ್ಲಿ ಪೆಟ್ರೋಲ್ ಒಂದು ಕಡೆ ಸರಿದಾಗ ಪಂಪ್ ಗಾಳಿ ಎಳೆಯದಂತೆ ನಡುವೆ ಒಂದು ಸಣ್ಣ ಸ್ವರ್ಲ್ ಪಾಟ್. ಹಳೆಯ ರಬ್ಬರ್ ಹೋಸ್ ಎಥನಾಲ್ ಇರುವ ಪೆಟ್ರೋಲ್‌ಗೆ ಬಿರುಕು ಬಿಡುತ್ತದೆ, ಹಾಗಾಗಿ ಕಾರ್ಬುರೇಟರ್‌ನಲ್ಲೇ ಇದ್ದರೂ ಹೋಸ್‌ಗಳನ್ನು ಈಗಲೇ ಬದಲಿಸಿ.

ಶಾಫ್ಟ್‌ಗುರು

ಬ್ರೇಕ್ ವಿಷಯ ಯಾರೂ ಹೇಳಲಿಲ್ಲ, ಅದನ್ನೂ ಸೇರಿಸುತ್ತೇನೆ. ವೇಗ 100ರಿಂದ 140ಕ್ಕೆ ಹೋದರೆ ನಿಲ್ಲಿಸಬೇಕಾದ ಶಕ್ತಿ ಹತ್ತಿರಹತ್ತಿರ ಎರಡು ಪಟ್ಟು. ಕಂಪನಿ ಜಿಟಿ ವಿ8ಗೆ ಮುಂದೆ ದಪ್ಪ ಡಿಸ್ಕ್, ದೊಡ್ಡ ಕ್ಯಾಲಿಪರ್ ಕೊಟ್ಟು, ಹಿಂದಿನ 10 ಇಂಚಿನ ಡ್ರಮ್ ಹಾಗೇ ಬಿಟ್ಟಿತ್ತು. ನೀವೂ ಅಷ್ಟೇ ಮಾಡಿ, ಸಾಕು. ಮೊದಲು ಹೊಂದಿಕೊಳ್ಳುವ ಹೋಸ್ ಎಲ್ಲ ಹೊಸದು, ಪೈಪ್ ಹೊಸದು, ಬ್ರೇಕ್ ಆಯಿಲ್ ಹೊಸದು. ಹಳೆಯ ಹೋಸ್ ಒಳಗಡೆ ಊದಿಕೊಂಡು ಬ್ರೇಕ್ ಬಿಟ್ಟ ಮೇಲೂ ಹಿಡಿದೇ ಇರುತ್ತದೆ. ಕ್ಯಾಲಿಪರ್ ಪಿಸ್ಟನ್ ದೊಡ್ಡದಾದರೆ ಪೆಡಲ್ ಉದ್ದ ಇಳಿಯುತ್ತದೆ, ಆಗ ಮಾಸ್ಟರ್ ಸಿಲಿಂಡರ್ ಅಳತೆಯನ್ನೂ ನೋಡಬೇಕು.

ಗಾಳಿಸವಾರ

ಇಷ್ಟು ಬರೆದದ್ದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ ಗೊತ್ತಾಗುತ್ತಿಲ್ಲ. ಇಂಜೆಕ್ಷನ್ ಮತ್ತು ದೊಡ್ಡ ಇಂಜಿನ್ ಸದ್ಯಕ್ಕೆ ಪಕ್ಕಕ್ಕೆ. 3.5 ಉಳಿಯುತ್ತದೆ. ಎಡ ಸಿಲ್ ಮೊದಲು, ಜೊತೆಗೆ ಬ್ರೇಕ್ ಹೋಸ್ ಮತ್ತು ವೈರಿಂಗ್, ಆಮೇಲೆ ಶಾಫ್ಟ್ ಕೋನ, 3.07. ಕೋನ ಅಳೆದೆ, ಎರಡು ಫ್ಲ್ಯಾಂಜ್ ನಡುವೆ ಎರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದೆ, ಗೇರ್‌ಬಾಕ್ಸ್ ಬಾಲ ಕೆಳಗಿದೆ, ನೀವು ಊಹಿಸಿದ ಹಾಗೇ.

ಒಂದೇ ಪ್ರಶ್ನೆ ಉಳಿದಿದೆ. ಸಿಲ್ ಕತ್ತರಿಸುವಾಗ ಇಂಜಿನ್ ಇಳಿಸಬೇಕಾ? ಗಾಡಿ ಬಾಗದಂತೆ ಹೇಗೆ ಹಿಡಿಯುವುದು?

ಹಳೇಲೋಹ

ಇಳಿಸಿದರೆ ಒಳ್ಳೆಯದು. ಹೇಗೂ ಮೌಂಟ್ ಸುತ್ತ ನೋಡಬೇಕು, ಸಂಪ್ ಬಿಚ್ಚಬೇಕು. ಆದರೆ ಮುಖ್ಯ ವಿಷಯ ಭಾರ ಎಲ್ಲಿ ಕೂರುತ್ತದೆ ಅನ್ನುವುದು. ಸ್ಟ್ಯಾಂಡ್‌ಗಳನ್ನು ಚಕ್ರದ ಹತ್ತಿರ, ಅಂದರೆ ಸಸ್ಪೆನ್ಷನ್ ಭಾರ ಹೊರುವ ಜಾಗಗಳ ಕೆಳಗೇ ಇಡಿ. ಆಮೇಲೆ ನೆಲದ ಮಟ್ಟ ನೋಡಿಕೊಂಡು ನಾಲ್ಕೂ ಕಡೆ ಸಮ ಮಾಡಿ, ಬಾಗಿಲ ಸಂದು ಸರಿಯಾಗಿ ಬರುವ ತನಕ ಹೊಂದಿಸಿ.

ಸಂದು ಸರಿ ಬಂದ ಮೇಲೆಯೇ ಬ್ರೇಸ್. ಬಾಗಿಲ ಹಿಂಜ್ ಕಂಬದಿಂದ ಲಾಕ್ ಕಂಬಕ್ಕೆ ಚೌಕ ಪೈಪ್, ಎಡ ಬಲ ಎರಡಕ್ಕೂ, ಆಮೇಲೆ ಅಡ್ಡಕ್ಕೆ ಒಂದು. ಬಾಗಿಲು ಹಾಕಿ ತೆಗೆಯಲು ಬರುವ ಹಾಗೆ ಪೈಪನ್ನು ಒಳಗಡೆಯಿಂದ ಕೊಡಿ, ಇದನ್ನು ಮರೆತರೆ ಮುಂದೆ ಸಂದು ನೋಡಲಿಕ್ಕೇ ಆಗುವುದಿಲ್ಲ. ಕತ್ತರಿಸುವುದು ಒಂದು ಬದಿ ಮಾತ್ರ. ಆ ಬದಿ ಪೂರ್ತಿ ಮುಗಿಯುವ ತನಕ ಇನ್ನೊಂದು ಮುಟ್ಟಬೇಡಿ. ಬಲ ಸಿಲ್ ಕೂಡ ಒಮ್ಮೆ ತೂತು ಮಾಡಿ ಕ್ಯಾಮರಾ ಇಳಿಸಿ ನೋಡಿ.

ಒಳ ಸಿಲ್, ನಡುವಿನ ತಗಡು, ಹೊರ ಸಿಲ್, ಈ ಕ್ರಮದಲ್ಲಿ. ಎಲ್ಲವನ್ನೂ ಮೊದಲು ಕ್ಲ್ಯಾಂಪ್ ಮಾಡಿ, ಚುಕ್ಕಿ ಚುಕ್ಕಿ ಬೆಸೆದು, ಬಾಗಿಲು ಕೂರಿಸಿ, ಸಂದು ಅಳೆದು, ಆಮೇಲೆ ಪೂರ್ತಿ ವೆಲ್ಡಿಂಗ್. ಅದೂ ಒಂದೇ ಕಡೆ ಉದ್ದಕ್ಕೆ ಎಳೆಯಬೇಡಿ, ಜಾಗ ಬದಲಿಸುತ್ತಾ ಸ್ವಲ್ಪ ಸ್ವಲ್ಪ, ತಗಡು ತಣ್ಣಗಾಗಲು ಬಿಟ್ಟು. ಬೆಸೆಯುವ ಅಂಚುಗಳಿಗೆ ಮೊದಲೇ ಜಿಂಕ್ ಪ್ರೈಮರ್. ನೀರು ಹರಿದು ಹೋಗುವ ತೂತುಗಳನ್ನು ಮುಚ್ಚಬೇಡಿ. ಎಲ್ಲ ಮುಗಿದ ಮೇಲೆ ಒಳಗೆ ಮೇಣದ ಸ್ಪ್ರೇ ಹೊಡೆಯಿರಿ, ಆದರೆ ವೆಲ್ಡಿಂಗ್ ಪೂರ್ತಿ ಮುಗಿದ ಮೇಲೆಯೇ, ಮೊದಲೇ ಹೊಡೆದರೆ ಬೆಂಕಿ ಹತ್ತುತ್ತದೆ. ಪೆಟ್ರೋಲ್ ಟ್ಯಾಂಕ್, ಬ್ಯಾಟರಿ ಎರಡನ್ನೂ ಗಾಡಿಯಿಂದ ಹೊರಗೆ ತೆಗೆದಿಟ್ಟೇ ವೆಲ್ಡಿಂಗ್ ಶುರು ಮಾಡಿ.

ಇಂಜಿನ್ ವಾಪಸ್ ಹಾಕಿದಾಗ ಒಂದು ವಿಷಯ. ಸಂಪ್, ಮುಂದಿನ ಕವರ್ ಬಿಚ್ಚಿದ್ದರೆ ಆಯಿಲ್ ಪಂಪ್‌ನ ಗೇರ್‌ಗಳ ನಡುವೆ ಪೆಟ್ರೋಲಿಯಂ ಜೆಲ್ಲಿ ತುಂಬಿಯೇ ಮುಚ್ಚಿ. ಒಣಗಿದ ಪಂಪ್ ಈ ಇಂಜಿನ್‌ನಲ್ಲಿ ತಾನಾಗಿ ಆಯಿಲ್ ಎಳೆಯುವುದಿಲ್ಲ. ಪ್ಲಗ್ ಎಲ್ಲ ಬಿಚ್ಚಿಟ್ಟು ಸೆಲ್ಫ್ ಹೊಡೆಯಿರಿ, ಗೇಜ್ ಮುಳ್ಳು ಎದ್ದ ಮೇಲೆಯೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ. ಸಿಲ್ ತೆರೆದಾಗ ಫೋಟೋ ಹಾಕಿ, ಒಳಗೆ ಏನಿದೆ ನೋಡಿ ಮುಂದಿನದು ಹೇಳುತ್ತೇನೆ.